ಇಕ್ಕಳದ ಅಬ್ಲಾ

ಈಜಿಪ್ಟಿನ ಮನ್ಸೂರಾದ ಶಿಶುವಿಹಾರದ ಟೀಚರಮ್ಮ ಇನ್ಸಾಫ್‌ಳನ್ನ ಎಲ್ರೂ ಅಬ್ಲಾ, ಅಂದ್ರೆ ಅಕ್ಕ, ಅಂತಾರೆ, ಅಬ್ಲಾ ಮಾತ್ರ ಬೆಳಿಗ್ಗೇನೇ ಸುಸ್ತಾಗಿರ್ತಾಳೆ ಕಣ್ರೀ. ಊರೋರೆಲ್ಲ ಕಹಕ್ ಬಿಸ್ಕತ್ತು ಮಾಡೋದು ಈದ್ ಬಂದಾಗ, ಇವಳ ಕ್ಲಾಸಲ್ಲಿ ವರ್ಷಪೂರ್ತಿ ಈದೇ: ಪುಟಾಣಿಗಳ ಒಂದು ಕೈಲಿ ಹಿಟ್ಟಿನುಂಡೆ, ಇನ್ನೊಂದು ಕೈಲಿ ಅದರ ಮೈಮೇಲೆ ಗೀರು ಚಿವುಟೋ ಪುಟ್ಟ ಇಕ್ಕಳ. "ಎರಡೇ ಬೆರಳು ಹಬೀಬಿ, ಮುಷ್ಟಿ ಬೇಡ್ವೋ!" ಅಂದೂ ಅಂದೂ ಗಂಟಲು ಒಣಗಿದೆ. ಹಿಟ್ಟು ಅವಳ ಕನ್ನಡಕದ ಮೇಲೆ, ಚಹಾದ ಲೋಟದೊಳಗೆ, ಬಹುಶಃ ಕನಸಲ್ಲೂ. ಗೇಟಲ್ಲಿ ತಾಯಂದಿರ ಕಾಟ ಬೇರೆ: "ಅಬ್ಲಾ, ಅಕ್ಷರ ಕಲಿಸ್ರೀ ಅಂದ್ರೆ ಬೇಕರಿ ಇಟ್ಕೊಂಡಿದೀರಲ್ರೀ!" "ಬೆರಳು ಗಟ್ಟಿಯಾಗ್ಲಿ ತಾಯಿ, ಪೆನ್ಸಿಲ್ ತಾನಾಗೇ ನಿಲ್ಲುತ್ತೆ," ಅಂತ ಗೋಡೆಗೆ ಒರಗಿ ಕಣ್ಮುಚ್ಚಿಕೊಂಡೇ ಹೇಳ್ತಾಳೆ. ಪುಟ್ಟ ಶಾಹೆಂದಾ ಬೆರಳು ಸೋತು ಅತ್ರೂ ಬಿಡಲ್ಲ. ಮಡಿಲಲ್ಲಿ ಕೂರಿಸ್ಕೊಂಡು, ಕಣ್ಣೊರೆಸಿ, ಮತ್ತೆ ಇಕ್ಕಳ ಕೊಡ್ತಾಳೆ. ಯಾಕಿಷ್ಟು ಹಠ ಅಂದ್ರೆ, ಇಲ್ಲಿಂದ ಇವರೆಲ್ಲ ಹೋಗೋದು ಪಕ್ಕದ ಶಾಲೆಯ ಒಂದನೇ ಕ್ಲಾಸಿಗೆ. ಅಲ್ಲಿ ಅಕ್ಷರ ಸೊಟ್ಟಗಾದ್ರೆ ಮೇಷ್ಟ್ರು ಬೆರಳ ಗಿಣ್ಣಿಗೇ ಸ್ಕೇಲಲ್ಲಿ ಬಾರಿಸ್ತಾರೆ. ಆ ಮೇಷ್ಟ್ರು ಅಬ್ಲಾನ ಗಂಡ. ಹೊಡೀಬೇಡಿ ಅಂತ ಮದುವೆಯಾದಾಗಿಂದ ಹೇಳ್ತಾನೇ ಇದಾಳೆ.