ಗೋಡೆಯ ಮೇಲಿನ ಮೊದಲ ಸ್ಥಾನ

...ಅಥವಾ ಆ ದಿನ ಬಿಸಿಲೇ ಇರಲಿಲ್ಲವೇನೋ. ಇಲವಾಲದ ಬಸ್ ನಿಲ್ದಾಣದಲ್ಲಿ ಕಣ್ಣು ಕುಕ್ಕುತ್ತಿತ್ತು ಎಂಬುದು ನೆನಪಿದೆ. ಕುಕ್ಕಿದ್ದು ಸೂರ್ಯನೋ, ಸಿನಿಮಾ ಕ್ಯಾಮೆರಾದವರು ನನ್ನ ಮುಖದ ಕಡೆ ತಿರುಗಿಸಿ ಹಿಡಿದಿದ್ದ ಬೆಳ್ಳಿ ಬಣ್ಣದ ಹಲಗೆಯೋ ಹೇಳಲಾರೆ. ಈ ಕಥೆ ಹೇಳುವಾಗಲೆಲ್ಲ ಒಂದಿಷ್ಟು ಬಿಸಿಲನ್ನು ನಾನೇ ಸೇರಿಸುತ್ತ ಬಂದಿದ್ದೇನೆ.

ಈಗ ಅನುಮಾನ ಬಂದದ್ದು ತಮ್ಮನ ಮಗಳು ರಮ್ಯಾಳಿಂದ. ಮೊನ್ನೆ ವಿಜಯನಗರದಿಂದ ಸ್ಕೂಟರಿನಲ್ಲಿ ಬಂದವಳೇ ಮೊಬೈಲನ್ನು ನನ್ನ ಮೂಗಿನ ಕೆಳಗೆ ಹಿಡಿದಳು.

"ದೊಡ್ಡಪ್ಪ, ನಿಮ್ಮ ಪಾತ್ರಗಳಲ್ಲಿ ಯಾವ್ದು ಎಷ್ಟು ಫೇಮಸ್ಸು ಅಂತ ಯಾರೋ ಸಾಲಾಗಿ ಹಾಕ್ಬುಟ್ಟಿದಾರೆ."

ನಾನು ಮೇಷ್ಟರ ಕೆಲಸಕ್ಕೆ ರಜೆ ಹಾಕಿ, ಸಿನಿಮಾ, ಧಾರಾವಾಹಿ ಎಂದು ಓಡಾಡಿ ಮಾಡಿದ ಪಾತ್ರಗಳು ಹನ್ನೆರಡೋ ಹದಿಮೂರೋ. ಕೊನೆಯ ಸ್ಥಾನದಲ್ಲಿ ನ್ಯಾಯಾಲಯದ ಗುಮಾಸ್ತ. ಮೇಲಕ್ಕೆ ಹೋಗುತ್ತ ಪುರೋಹಿತ, ಹುಡುಗಿಯ ಸೋದರಮಾವ. ಎಲ್ಲಕ್ಕಿಂತ ಮೇಲೆ, ಒಂದು ಧಾರಾವಾಹಿಯ ಸತ್ತ ಯಜಮಾನ.

ಆ ಧಾರಾವಾಹಿಯಲ್ಲಿ ನಾನು ಬದುಕಿದ್ದದ್ದು ಮೂರೇ ದಿನ. ಧಾರಾವಾಹಿಯ ಮನೆಯಲ್ಲಿ ಹಿರಿಯರು ಸತ್ತರೆ ನಡುಮನೆಯ ಗೋಡೆಗೆ ಅವರ ಹಾರ ಹಾಕಿದ ಫೋಟೋ ಬರಲೇಬೇಕು. ಫೋಟೋ ಮನೆಯಿಂದಲೇ ತನ್ನಿ ಅಂದರು, ಕೊಟ್ಟೆ. ಆಮೇಲೆ ನಾಲ್ಕು ವರ್ಷ ಸೊಸೆಯರು ನನ್ನ ಕೆಳಗೇ ನಿಂತು ಅತ್ತರು, ಆಣೆ ಇಟ್ಟರು, ಬೀರುವಿನ ಕೀಲಿ ಕದ್ದರು. ನಮ್ಮ ಹಿಂದಿನವರು ಭಾವಗಳನ್ನು ಸ್ಥಾಯಿ, ಸಂಚಾರಿ ಎಂದು ವಿಂಗಡಿಸಿದ್ದಾರೆ. ಓಡಾಡಿ ಮಾಡಿದ್ದೆಲ್ಲ ಬಂದಹಾಗೆ ಹೋಯಿತು. ಮೊಳೆಗೆ ನೇತುಬಿದ್ದದ್ದು ನಿಂತಿತು.

ನನ್ನಾಕೆ ಸರಸ ಮೊದಲ ದಿನ ಸಿಟ್ಟಾಗಿದ್ದಳು. "ನಾನಿಲ್ಲಿ ಕುಂಕುಮ ಇಟ್ಕೊಂಡು ಕೂತಿರೋವಾಗ ನಿಮ್ಗೆ ಹಾರ ಹಾಕ್ತಾರಲ್ರೀ. ಅದೂ ನಾನು ತೆಗೆಸಿದ ಫೋಟೋಗೆ." ತಿಂಗಳು ಕಳೆಯುವುದರೊಳಗೆ ಅವಳ ದೂರು ಬದಲಾಯಿತು. "ನೋಡಿ, ಈ ವಾರಾನೂ ಅದೇ ಹಾರ."

ಕುವೆಂಪುನಗರದಲ್ಲಿ ಸೊಪ್ಪು ಮಾರುವಾಕೆ ಒಮ್ಮೆ ನನ್ನನ್ನು ನಿಲ್ಲಿಸಿ, "ಗ್ವಾಡೆ ಮ್ಯಾಲಿನ ಸ್ವಾಮೇರಲ್ವಾ ನೀವು? ಎಂಗಿದ್ದೀರಿ?" ಎಂದು ಕೇಳಿ ಒಂದು ಹಿಡಿ ಕರಿಬೇವು ಹೆಚ್ಚಿಗೆ ಹಾಕಿದಳು. ಸತ್ತವನಿಗೆ ಇದಕ್ಕಿಂತ ಗೌರವ ಬೇಕೆ?

ಆದರೆ ರಮ್ಯಾ ತೋರಿಸಿದ ಸಾಲಿನಲ್ಲಿ ಇಲವಾಲದ ಬಸ್ ನಿಲ್ದಾಣದ ಪಾತ್ರ ಇರಲಿಲ್ಲ. ನಾನು ನಟ ಎಂದು ನನಗೆ ನಾನೇ ಒಪ್ಪಿಕೊಂಡದ್ದು ಅಲ್ಲಿ ಹೇಳಿದ ಒಂದೇ ಮಾತಿನಿಂದ. ನಾಯಕಿ ಓಡಿಬಂದು ಬಸ್ಸು ಎಲ್ಲಿ ಎಂದು ಕೇಳುತ್ತಾಳೆ. "ಈಗ ತಾನೇ ಹೋಯ್ತು ಕಣಮ್ಮ" ಎನ್ನಬೇಕು. ಅಂದೆ. ನಿರ್ದೇಶಕರು ಇನ್ನೊಮ್ಮೆ ಎನ್ನಲಿಲ್ಲ. ಊಟ ಬಂದಿತ್ತೆಂದು ಬಿಟ್ಟುಬಿಟ್ಟರೋ ಏನೋ.

"ಈ ಸಾಲಿಗೆ ಅದನ್ನೂ ನಾವೇ ಸೇರಿಸ್ಬಹುದು ದೊಡ್ಡಪ್ಪ. ಆದ್ರೆ ಆ ಸಿನಿಮಾ ಎಲ್ಲೂ ಸಿಗ್ತಿಲ್ಲ. ಆ ಸೀನು ಅದ್ರಲ್ಲಿತ್ತು ತಾನೇ?"

ಇತ್ತು ಎನ್ನಲು ಬಾಯಿ ತೆರೆದೆ. ಬಿಡುಗಡೆಯ ದಿನ ಸರಸಳೊಂದಿಗೆ ಹೋಗಿದ್ದೆ. ನಾಯಕಿ ಓಡತೊಡಗಿದ ಕೂಡಲೇ ಹೆದರಿ ಕಣ್ಣು ಮುಚ್ಚಿಕೊಂಡಿದ್ದೆ. ಮಾತು ಮಾತ್ರ ಸ್ಪಷ್ಟವಾಗಿ ಕೇಳಿಸಿತ್ತು. ಸರಸಳ ಕಡೆ ತಿರುಗಿದೆ. "ನೀನು ನೋಡಿದ್ದೆಯಲ್ಲ, ಹೇಳೇ."

"ನಾನೆಲ್ಲಿ ಪರದೆ ನೋಡಿದೆ? ನಿಮ್ಮ ಮುಖ ನೋಡ್ತಿದ್ದೆ ಕಣ್ರೀ. ಕಣ್ಮುಚ್ಕೊಂಡು ಅದೇ ಮಾತು ಗೊಣಗ್ತಿದ್ರಿ."

ಇಷ್ಟು ವರ್ಷ ಅವಳು ಇದನ್ನು ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಅಂದರೆ ಆ ಪಾತ್ರಕ್ಕೆ ಒಬ್ಬ ಪ್ರೇಕ್ಷಕಿಯಂತೂ ಇದ್ದಳು. ಸದ್ಯಕ್ಕೆ ಬೇಡ ಬಿಡು ಎಂದು ರಮ್ಯಾಳಿಗೆ ಹೇಳಿ ಕಾಫಿಗೆ ಎದ್ದೆ. ಆ ಮಾತು ಪರದೆಯಿಂದ ಬಂತೋ, ನನ್ನ ಬಾಯಿಂದಲೇ ಬಂತೋ, ನನಗೆ ಗೊತ್ತಿಲ್ಲ.