ಮೊಲಕ್ಕಾಗಿ ನಿಂತ ಮಿಲಿಟರಿ ಲಾರಿ

ಗೆಳೆಯರೇ, ಇವತ್ತು ನಾನು ಮಿಲಿಟರಿ ಲಾರಿಯೊಂದನ್ನು ತಡೆದೆ. ಕ್ರಿಸ್ಮಸ್‌ಗೆಂದು ಈ ಕೊಲ್ಲಿ ನಾಡಿನ ಅಲ್ ಮವಾಲೇಹ್ ಬಡಾವಣೆಯಲ್ಲಿ ನಾವು ಸಂಗ್ರಹಿಸಿದ ಆಟಿಕೆಗಳನ್ನು ನಿವೃತ್ತ ಸೈನಿಕ ಸಾಲಿಂ ತಮ್ಮ ಹಳೆಯ ಸೇನಾ ಲಾರಿಯಲ್ಲಿ ಆಸ್ಪತ್ರೆಯ ಮಕ್ಕಳಿಗೆ ಒಯ್ಯುತ್ತಿದ್ದರು. ಲಾರಿ ಹೊರಡುವಾಗ ನಮ್ಮ ಗುಂಪಿನ ಜೆಸಿಂತಾ ಆಂಟಿಯ ಐದು ವರ್ಷದ ಮಗಳು, "ಮೈ ರ್ಯಾಬಿಟ್ ಈಸ್ ಇನ್ ದೇರ್!" ಎಂದು ಅಳತೊಡಗಿದಳು. ಅವಳ ಬಟ್ಟೆಯ ಮೊಲವನ್ನು ಆಂಟಿ ಅವಳನ್ನು ಕೇಳದೆಯೇ ಕೊಟ್ಟುಬಿಟ್ಟಿದ್ದರು.

"ಕೊಟ್ಟದ್ದನ್ನು ವಾಪಸ್ ಕೇಳ್ಲಿಕ್ಕುಂಟಾ?" ಎಂದು ಆಂಟಿ ಗದರಿದರು.

"ಕೊಟ್ಟದ್ದು ನೀವು ಆಂಟಿ, ಅವಳಲ್ಲ," ಎಂದವಳೇ ಓಡಿಹೋಗಿ ಲಾರಿಗೆ ಅಡ್ಡ ನಿಂತೆ.

"ಕ್ಯಾ ಹುವಾ, ಬೇಟಿ?" ಎನ್ನುತ್ತ ಸಾಲಿಂ ಇಳಿದರು. ವಿಷಯ ಕೇಳಿ, ಹತ್ತು ಪೆಟ್ಟಿಗೆ ಇಳಿಸಿ, ಮೊಲವನ್ನು ಹುಡುಕಿ ಮಗುವಿನ ಕೈಗಿತ್ತು, ನನಗೊಂದು ಸೆಲ್ಯೂಟ್ ಹೊಡೆದರು.

ಇನ್ನೂ ಹೆಮ್ಮೆ ಇಳಿದಿಲ್ಲ. ಮನೆಗೆ ಮರಳುವಾಗ ಟ್ಯಾಕ್ಸಿಗೆ ಕೈ ಅಡ್ಡ ಹಿಡಿಯಲು ಮಾತ್ರ ನಾಚಿಕೆಯಾಗಿ ನಡೆದೇ ಬಂದೆ.