ಬಡಗಿಯ ಹೂಂ

ಯಾರು ಏನೆಂದರೂ ಹೂಂಗುಟ್ಟುವುದು ಬಡಗಿಯ ಚಾಳಿ. ಹಾಗೇ ಒಂದೇ ತೇಗದ ಬಾಗಿಲನ್ನು ಇಬ್ಬರಿಗೆ ಕೊಡಲು ಒಪ್ಪಿಕೊಂಡು ಪೇಚಿಗೆ ಸಿಕ್ಕಿಬಿದ್ದ. ವಕೀಲರ ಕಚೇರಿಯಲ್ಲಿ ಟೈಪಿಸ್ಟಾಗಿದ್ದ ಅಕ್ಕ ಹಣೆ ಹಣೆ ಚಚ್ಚಿಕೊಂಡಳು.

"ಅವರು ಕೇಳಿದ್ರು, ನೀನು ಹೂಂ ಅಂದೆ. ನಿನ್ನ ಬಾಗಿಲಿಗೆ ಅವರ ದುಡ್ಡು ಪ್ರತಿಫಲ. ಅಷ್ಟಕ್ಕೇ ಕರಾರು ಆಗೋಯ್ತು ಕಣೋ, ಕಾಗದವೇ ಬೇಕಿಲ್ಲ!"

ಬೈಯುತ್ತಲೇ ಹೋಗಿ, ಒಬ್ಬರನ್ನು ಎರಡು ವಾರ ಕಾಯಲು ಒಪ್ಪಿಸಿ ಬಂದಳು. ಅಂದಿನಿಂದ ಬಡಗಿಯದು ಮೊದಲು 'ನೋಡೋಣ'. ಅಳತೆ, ಬೆಲೆ, ದಿನ ಗೊತ್ತಾದ ಮೇಲಷ್ಟೇ ಹೂಂ. ಮಾತಿಗೆ ತಪ್ಪದವನೆಂದು ಹೆಸರೂ ಬಂತು.

ನಿವೃತ್ತಳಾದ ದಿನ ಅಕ್ಕ ಅಂಗಡಿಗೆ ಬಂದಳು. "ನಂಗೊಂದು ಮೇಜು ಮಾಡ್ಕೊಡ್ತೀಯಾ?"

"ಹೂಂ."

"ಬೆಲೆನೇ ಹೇಳ್ಲಿಲ್ಲ! ಪ್ರತಿಫಲ ಇಲ್ದೆ ಕರಾರು ಆಗಲ್ಲ ಕಣೋ."

"ಅವತ್ತು ನನಗೋಸ್ಕರ ಹಣೆ ಚಚ್ಕೊಂಡ್ಯಲ್ಲ ಅಕ್ಕಾ, ಪ್ರತಿಫಲ ಅವತ್ತೇ ಸಂದಿದೆ."